ಮಿನ್ಸ್‌ಮಿಯರಿನ ಜೌಗೂ ಮರಳಿ ಬಂದ ಹಕ್ಕಿಯೂ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫಕ್ ಪ್ರಾಂತದಲ್ಲಿ ಮಿನ್ಸ್‌ಮಿಯರ್ ಎಂಬ ಪಕ್ಷಿಧಾಮವುಂಟು. ವಸಂತ ಬಂದಿತೆಂದರೆ ಅದು ಹಕ್ಕಿಗಳ ಛತ್ರವೇ ಸರಿ. ಮೊದಲು ಆಫ್ರಿಕದಿಂದ ಮರಳದಂಡೆಯಲ್ಲಿ ಬಿಲ ತೋಡುವ ಸಣ್ಣ ಕವಲುತೋಕೆಗಳು ಬರುತ್ತವೆ. ಬಳಿಕ ರೀವವೆಂಬ ಕಡಲಹಕ್ಕಿಗಳು. ಚಳಿಗಾಲದಲ್ಲಿ ನಮ್ಮ ನಾಡಿನ ಕೆರೆಗಳಿಗೂ ಅತಿಥಿಯಾಗಿ ಬರುವ ಕಪ್ಪುಬಾಲದ ಗಾಡ್ವಿಟ್ ಹಕ್ಕಿಯ ಬಳಗವು ಅಲ್ಲಿ ಇಟ್ಟಿಗೆಗೆಂಪಿನ ಉಡುಪು ತೊಟ್ಟು, ಐಸ್‌ಲೆಂಡಿಗೆ ಹೊರಡುವ ಮುನ್ನ ಕೆಲದಿನ ತಂಗುತ್ತದೆ.

ಆದರೆ ನೋಡಬಂದವರ ಕಣ್ಣು ಮೊದಲು ಅರಸುವುದು ಅವೊಸೆಟ್ ಎಂಬ ಹಕ್ಕಿಯನ್ನು. ಬೆಳ್ಳನೆಯ ಮೈ, ಅದರ ಮೇಲೆ ಕರಿಯ ಪಟ್ಟೆ. ಮೇಲ್ಮುಖವಾಗಿ ಬಾಗಿದ ಸಪುರವಾದ ಕೊಕ್ಕು. ಆಳವಿಲ್ಲದ ನೀರಿನಲ್ಲಿ ನಿಂತು, ಪೈರು ಕೊಯ್ಯುವ ಕುಡುಗೋಲಿನಂತೆ ಕೊಕ್ಕನ್ನು ಅತ್ತಿತ್ತ ಬೀಸಿ ಅದು ಆಹಾರ ಹುಡುಕುತ್ತದೆ. ಇದರ ಚರಿತ್ರೆಯನ್ನು ನಾವು ಈಗ ಕೊಂಚ ವಿಚಾರಿಸೋಣ.

ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಮೊದಲೇ ಈ ಹಕ್ಕಿ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದನ್ನು ಬಿಟ್ಟಿತ್ತು. ಜನರು ಮೊಟ್ಟೆಗಳನ್ನು ಕದ್ದರು. ಹಕ್ಕಿಗಳನ್ನು ಗುಂಡಿಟ್ಟು ಕೊಂದರು. ಜೌಗನ್ನು ಬಸಿದು ಹುಲ್ಲುಗಾವಲು ಮಾಡಿದರು. ಮಿನ್ಸ್‌ಮಿಯರೂ ಹೀಗೆ ಬಸಿದ ನೆಲವೇ.

1940ರಲ್ಲಿ ಜರ್ಮನರು ಕಡಲು ದಾಟಿ ಬಂದಾರೆಂಬ ಭಯ ಹಬ್ಬಿತು. ಶತ್ರುಸೇನೆ ಇಳಿಯದಂತೆ ಆ ತಗ್ಗು ನೆಲಕ್ಕೆ ನೀರು ನುಗ್ಗಿಸಿದರು. ಶತ್ರು ಬರಲಿಲ್ಲ, ಜೊಂಡು ಬೆಳೆಯಿತು. 1947ರಲ್ಲಿ ಅವೊಸೆಟ್ ಮಿನ್ಸ್‌ಮಿಯರಿನಲ್ಲಿಯೂ, ಅದರ ದಕ್ಷಿಣದ ಹ್ಯಾವರ್ಗೇಟ್ ದ್ವೀಪದಲ್ಲಿಯೂ ಗೂಡಿಟ್ಟಿತು. ಆ ದ್ವೀಪಕ್ಕೆ ನೀರು ನುಗ್ಗಿದ್ದೂ ಯುದ್ಧಕಾಲದಲ್ಲಿಯೇ. ಕರುಣೆಯಿಂದ ಆಗದ ಉಪಕಾರ ಭಯದಿಂದ ಆಯಿತು!

ಆದರೆ ಆಕಸ್ಮಿಕವಾಗಿ ಬಂದ ಭಾಗ್ಯವು ತಾನಾಗಿಯೇ ನಿಲ್ಲುವುದಿಲ್ಲ. 1947ರಲ್ಲಿಯೇ ಪಕ್ಷಿಸಂರಕ್ಷಣೆಯ ರಾಜಮಾನ್ಯ ಸಂಘವು ಮಿನ್ಸ್‌ಮಿಯರನ್ನು ತನ್ನ ರಕ್ಷಣೆಗೆ ತೆಗೆದುಕೊಂಡರೂ ಹಕ್ಕಿ ಅಲ್ಲಿ ನೆಲೆನಿಲ್ಲಲಿಲ್ಲ, ಹ್ಯಾವರ್ಗೇಟನ್ನೇ ಆರಿಸಿಕೊಂಡಿತು. ಮುಂದೆ ಮಿನ್ಸ್‌ಮಿಯರಿನ ಪಾಲಕರಾದ ಬರ್ಟ್ ಆಕ್ಸೆಲ್ ಎಂಬವರು 1960ರ ದಶಕದಲ್ಲಿ ನೆಲವನ್ನು ಕೆರೆದು ಆಳವಿಲ್ಲದ ಕೊಳಗಳನ್ನೂ, ಅವುಗಳ ನಡುವೆ ಸಣ್ಣ ನಡುಗಡ್ಡೆಗಳನ್ನೂ ಮಾಡಿಸಿದರು. ನೀರಿನ ಮಟ್ಟವನ್ನೂ ಉಪ್ಪನ್ನೂ ತೂಬುಗಳಿಂದ ಹದದಲ್ಲಿರಿಸಿದರು. 1963ರಲ್ಲಿ ಅವೊಸೆಟ್ ಅಲ್ಲಿ ಮತ್ತೆ ಗೂಡಿಟ್ಟಿತು. ಇಂದು ಬ್ರಿಟನ್ನಿನಲ್ಲಿ ಸಾವಿರಕ್ಕೂ ಮಿಕ್ಕಿದ ಜೋಡಿಗಳು ಮರಿಮಾಡುತ್ತವೆ. ಈ ಹಕ್ಕಿಯೇ ಆ ಸಂಘದ ಲಾಂಛನ.

ವಸಂತದ ಬೆಳಗಿನಲ್ಲಿ ಅಲ್ಲಿನ ಮರೆಗುಡಿಸಲುಗಳಲ್ಲಿ ದುರ್ಬೀನು ಹಿಡಿದು ಕುಳಿತವರಿಗೆ ಹಕ್ಕಿಗಳು ಕಾಣುತ್ತವೆ, ತೂಬು ಕಾಣುವುದಿಲ್ಲ. ಕೆರೆಕಟ್ಟೆಗಳ ನಾಡಿನವರಾದ ನಮಗೆ ಮಾತ್ರ ಅದರ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ನೀರನ್ನು ಯಾರೂ ಒಂದು ದಿನ ಹಾಯಿಸಬಲ್ಲರು; ಅದನ್ನು ವರ್ಷವರ್ಷವೂ ಹದದಲ್ಲಿಟ್ಟು ಕಾಯುವವನಿದ್ದರೆ ಮಾತ್ರ ಹೋದ ಹಕ್ಕಿ ಮರಳಿ ಬಂದು ನಿಲ್ಲುತ್ತದೆ.