ಭಾವನಾತ್ಮಕ ಬುದ್ಧಿಶಕ್ತಿ

ತನ್ನ ಮನಸ್ಸಿನಲ್ಲಿಯೂ ಪರರ ಮನಸ್ಸಿನಲ್ಲಿಯೂ ಏಳುವ ಭಾವಗಳನ್ನು ಗುರುತಿಸುವ, ಅವುಗಳ ಕಾರಣವನ್ನೂ ಗತಿಯನ್ನೂ ಅರಿಯುವ, ಆ ಅರಿವನ್ನು ವಿಚಾರಕ್ಕೂ ನಡತೆಗೂ ಒದಗಿಸಿಕೊಳ್ಳುವ ಸಾಮರ್ಥ್ಯಕ್ಕೆ ಭಾವನಾತ್ಮಕ ಬುದ್ಧಿಶಕ್ತಿಯೆಂದು ಹೆಸರು. ಮನಶ್ಶಾಸ್ತ್ರದಲ್ಲಿ ಇದು ಸ್ವತಂತ್ರ ವಿಷಯವಾಗಿ ನೆಲೆಗೊಂಡದ್ದು 1990ರಿಂದೀಚೆಗೆ. ಆದರೆ ಇದರ ಹಿಂದಿರುವ ಪ್ರಶ್ನೆ ಬಹು ಹಳೆಯದು. ಭಾವವು ಬುದ್ಧಿಯ ವೈರಿಯೋ, ಅಥವಾ ಅದೂ ಒಂದು ಬಗೆಯ ತಿಳಿವಳಿಕೆಯೋ ಎಂಬ ಈ ಪ್ರಶ್ನೆಗೆ ವಿದ್ವಾಂಸರು ಎರಡನೆಯ ಉತ್ತರವನ್ನು ಎಷ್ಟು ತಡವಾಗಿ, ಎಷ್ಟು ಸಂಕೋಚದಿಂದ ಒಪ್ಪಿಕೊಂಡರೆಂಬುದೇ ಈ ವಿಷಯದ ಚರಿತ್ರೆ.

ಆಳುವವನಿಗೆ ತನ್ನ ಮನಸ್ಸಿನ ಮೇಲೆ ಹತೋಟಿಯಿರಬೇಕೆಂಬ ಉಪದೇಶ ಪ್ರಾಚೀನವಾದುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು, ರಾಜನ ಶಿಕ್ಷಣವನ್ನು ನಿರೂಪಿಸುವ ಮೊದಲನೆಯ ಅಧಿಕರಣದಲ್ಲಿಯೇ ಇಂದ್ರಿಯಜಯದ ಪ್ರಕರಣವನ್ನಿರಿಸಿ, ಕಾಮ, ಕ್ರೋಧ, ಲೋಭ, ಮಾನ, ಮದ, ಹರ್ಷಗಳೆಂಬ ಆರನ್ನು ಶತ್ರುಗಳೆಂದೆಣಿಸಿ, ಅವುಗಳಿಗೆ ವಶರಾಗಿ ಕೆಟ್ಟ ಅರಸರನ್ನು ಹೆಸರು ಹಿಡಿದು ಹೇಳುತ್ತದೆ. ಹರ್ಷವನ್ನೂ ಈ ಸಾಲಿನಲ್ಲಿ ಸೇರಿಸಿದುದು ವಿಶೇಷ. ಗೆದ್ದವನ ಉಬ್ಬು ಸೋತವನ ಕೋಪದಷ್ಟೇ ವಿವೇಕವನ್ನು ಕೆಡಿಸಬಲ್ಲದೆಂಬುದನ್ನು ಗ್ರಂಥಕರ್ತನು ಬಲ್ಲವನಾಗಿದ್ದನು. ಭರತನ ನಾಟ್ಯಶಾಸ್ತ್ರವಾದರೋ ಎಂಟು ಸ್ಥಾಯಿಭಾವಗಳನ್ನೂ ಅವು ಕಣ್ಣು, ಕಂಠ, ಅಂಗಾಂಗಗಳಲ್ಲಿ ಹೊರದೋರುವ ಬಗೆಗಳನ್ನೂ ಸೂಕ್ಷ್ಮವಾಗಿ ವಿವರಿಸಿತು. ಇವನ್ನು ಆಧುನಿಕ ಸಿದ್ಧಾಂತದ ಪೂರ್ವರೂಪವೆಂದು ಹೇಳಿಬಿಡುವುದು ಅವಸರದ ಮಾತಾದೀತು. ಒಂದು ಕಡೆ ಭಾವವು ಜಯಿಸತಕ್ಕ ಶತ್ರು, ಇನ್ನೊಂದು ಕಡೆ ರಸಾಸ್ವಾದದ ಮೂಲ.

ಪಶ್ಚಿಮದಲ್ಲಿ ಚಾರ್ಲ್ಸ್ ಡಾರ್ವಿನ್ನನು 1872ರಲ್ಲಿ ಪ್ರಕಟಿಸಿದ, ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವಗಳು ವ್ಯಕ್ತವಾಗುವ ರೀತಿಯನ್ನು ಕುರಿತ ಗ್ರಂಥದಿಂದ, ಭಾವಗಳಿಗೂ ಜೀವಿಯ ಬಾಳಿನಲ್ಲಿ ಪ್ರಯೋಜನವಿದೆಯೆಂಬ ವಿಚಾರಕ್ಕೆ ಬಲ ಬಂದಿತು. ಆದರೆ 1905ರಲ್ಲಿ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆಯು ಬುದ್ಧಿಮಾಪನದ ಪರೀಕ್ಷೆಯನ್ನು ರಚಿಸಿದ ಮೇಲೆ ವಿದ್ವಾಂಸರ ಲಕ್ಷ್ಯವೆಲ್ಲ ಅಳೆಯಲು ಸುಲಭವಾದ ಶಕ್ತಿಗಳ ಕಡೆಗೇ ಹರಿಯಿತು. ಆ ಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಅದು ಬಿನೆ–ಕಾಮತ್ ಪರೀಕ್ಷೆಯೆಂದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕನು 1920ರಲ್ಲಿ ಬರೆದ ಲೇಖನದಲ್ಲಿ, ಜನರನ್ನು ಅರಿತು ನಡೆದುಕೊಳ್ಳುವ ಸಾಮಾಜಿಕ ಬುದ್ಧಿಯೆಂಬುದೊಂದು ಬೇರೆಯೇ ಇದೆಯೆಂದು ವಾದಿಸಿ, ಕಾರ್ಖಾನೆಯ ಅತ್ಯಂತ ನಿಪುಣನಾದ ಕೆಲಸಗಾರನೂ ಅದಿಲ್ಲದೆ ಮೇಸ್ತ್ರಿಯಾಗಿ ಸೋಲಬಹುದೆಂದು ತೋರಿಸಿದನು. ನಾಯಕತ್ವವನ್ನು ಕುರಿತು ಮುಂದೆ ಬಂದ ದೊಡ್ಡ ದೊಡ್ಡ ಗ್ರಂಥಗಳ ತಿರುಳೆಲ್ಲ ಈ ಒಂದು ದೃಷ್ಟಾಂತದಲ್ಲಿದೆಯೆಂದರೆ ತಪ್ಪಾಗಲಾರದು. ಡೇವಿಡ್ ವೆಕ್ಸ್ಲರನು 1940ರ ದಶಕದಲ್ಲಿ ಬುದ್ಧಿಗೆ ಹೊರತಾದ ಅಂಶಗಳನ್ನೂ ಗಣಿಸಬೇಕೆಂದನು. ಹೋವರ್ಡ್ ಗಾರ್ಡ್ನರನು 1983ರಲ್ಲಿ ತನ್ನನ್ನರಿಯುವ ಮತ್ತು ಪರರನ್ನರಿಯುವ ಬುದ್ಧಿಗಳನ್ನು ತನ್ನ ಬಹುವಿಧ ಬುದ್ಧಿಗಳ ಸಿದ್ಧಾಂತದಲ್ಲಿ ಸೇರಿಸಿದನು.

ಭಾವವು ಕುಗ್ಗಿದರೆ ವಿವೇಕ ಹೆಚ್ಚೀತೆಂಬ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು ನರವಿಜ್ಞಾನದ ಕಡೆಯಿಂದ. ಆಂಟೋನಿಯೊ ಡಮಾಸಿಯೊ 1994ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಮಿದುಳಿನ ಮುಂಭಾಗಕ್ಕೆ ಹಾನಿಯಾಗಿ, ಬುದ್ಧಿಯ ಪರೀಕ್ಷೆಗಳಲ್ಲಿ ಕುಂದಿಲ್ಲದಿದ್ದರೂ ಭಾವಗಳು ಮಂದವಾಗಿದ್ದ ರೋಗಿಗಳನ್ನು ವರ್ಣಿಸಿದ್ದಾರೆ. ಅಂಥವನೊಬ್ಬನಿಗೆ ಮುಂದಿನ ಭೇಟಿಗಾಗಿ ಎರಡು ದಿನಗಳನ್ನು ಸೂಚಿಸಿ, ಒಂದನ್ನು ಆರಿಸಿಕೊಳ್ಳಲು ಹೇಳಿದಾಗ, ಅವನು ಸುಮಾರು ಅರ್ಧ ಗಂಟೆಯ ಕಾಲ ತನ್ನ ಇತರ ಕೆಲಸಗಳು, ಹವಾಮಾನ ಮುಂತಾಗಿ ಎರಡು ಪಕ್ಷಕ್ಕೂ ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಲೇ ಹೋದನು. ಕೊನೆಗೆ ವೈದ್ಯರೇ ಎರಡನೆಯ ದಿನ ಬನ್ನಿರೆಂದಾಗ, ಆಗಬಹುದೆಂದು ಎದ್ದು ನಡೆದನು. ತರ್ಕದಲ್ಲಿ ಲೋಪವಿಲ್ಲ, ಇಷ್ಟು ಸಾಕು ಎಂದು ಒಳಗಿನಿಂದ ಹೇಳುವುದು ಮಾತ್ರ ಅವನಲ್ಲಿ ಉಳಿದಿರಲಿಲ್ಲ.

ಅಷ್ಟರಲ್ಲಿ, 1990ರಲ್ಲಿ, ಯೇಲ್ ವಿಶ್ವವಿದ್ಯಾನಿಲಯದ ಪೀಟರ್ ಸಾಲೊವೆಯವರೂ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾನಿಲಯದ ಜಾನ್ ಮೇಯರರೂ ಕೂಡಿ ಬರೆದ ಲೇಖನವೊಂದು ಈ ಪರಿಕಲ್ಪನೆಗೆ ಶಾಸ್ತ್ರೀಯ ರೂಪವನ್ನು ಕೊಟ್ಟಿತ್ತು. ಹೆಸರು ಅದಕ್ಕೂ ಹಿಂದೆ ಅಲ್ಲಲ್ಲಿ ಬಳಕೆಯಾಗಿತ್ತು. 1985ರಲ್ಲಿ ವೇಯ್ನ್ ಪೇನನ ಡಾಕ್ಟೊರೇಟ್ ಪ್ರಬಂಧದಲ್ಲಿ ಅದು ಕಾಣುತ್ತದೆ. 1997ರಲ್ಲಿ ಸಾಲೊವೆ ಮತ್ತು ಮೇಯರ್ ಈ ಸಾಮರ್ಥ್ಯವನ್ನು ನಾಲ್ಕು ಶಾಖೆಗಳಾಗಿ ವಿಂಗಡಿಸಿದರು: ಭಾವವನ್ನು ಗ್ರಹಿಸುವುದು, ಅದನ್ನು ಆಲೋಚನೆಗೆ ನೆರವಾಗಿಸುವುದು, ಅದರ ಸ್ವರೂಪವನ್ನು ಅರಿಯುವುದು, ಅದನ್ನು ನಿರ್ವಹಿಸುವುದು. ಡೇವಿಡ್ ಕರೂಸೊ ಅವರೊಡಗೂಡಿ 2002ರಲ್ಲಿ ಹೊರತಂದ ಪರೀಕ್ಷೆಯಲ್ಲಿ, ಮುಖಚಿತ್ರವೊಂದನ್ನು ನೋಡಿ ಅದರಲ್ಲಿ ಯಾವ ಭಾವ ಎಷ್ಟು ಮಟ್ಟಿಗಿದೆಯೆಂದು ಸೂಚಿಸಬೇಕು. ಸರಿಯುತ್ತರವೆಂಬುದನ್ನು ಬಹುಜನರ ಅಭಿಪ್ರಾಯದಿಂದಲೋ, 21 ಮಂದಿ ತಜ್ಞರ ಅಭಿಪ್ರಾಯದಿಂದಲೋ ನಿರ್ಣಯಿಸಲಾಗುತ್ತದೆ. ಹತ್ತು ಜನ ಕಾಣದ ಭಾವವನ್ನು ಕಾಣಬಲ್ಲವನಿಗೆ ಇಂಥ ಪರೀಕ್ಷೆಯಲ್ಲಿ ನ್ಯಾಯ ದೊರೆಯುವುದೇ ಎಂಬ ವಿಮರ್ಶಕರ ಆಕ್ಷೇಪ ಸಾಧುವಾದುದೇ. ಪೆಟ್ರೈಡಿಸ್, ಫರ್ನ್‌ಹ್ಯಾಮ್ ಮುಂತಾದ ಮನಶ್ಶಾಸ್ತ್ರಜ್ಞರು ಭಾವನಾತ್ಮಕ ಬುದ್ಧಿಯನ್ನು ಸಾಮರ್ಥ್ಯವೆನ್ನದೆ, ವ್ಯಕ್ತಿಯ ಸ್ವಭಾವದ ಲಕ್ಷಣವೆಂದು ಭಾವಿಸುತ್ತಾರೆ.

ವಿದ್ವಾಂಸರ ವಲಯದ ಈ ವಿಚಾರವನ್ನು ಮನೆಮಾತಾಗಿಸಿದವರು ಪತ್ರಕರ್ತರೂ ಮನಶ್ಶಾಸ್ತ್ರಜ್ಞರೂ ಆದ ಡೇನಿಯಲ್ ಗೋಲ್ಮನ್. 1995ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಟೈಮ್ ಪತ್ರಿಕೆ ಅದೇ ವರ್ಷ ಈ ವಿಷಯವನ್ನು ಮುಖಪುಟಕ್ಕೇರಿಸಿತು. 1998ರಲ್ಲಿ ಅವರು ನಾಯಕನ ಲಕ್ಷಣವನ್ನು ಕುರಿತು ಬರೆದ ಲೇಖನ ಆಡಳಿತಶಿಕ್ಷಣದ ಪಾಠಗಳಲ್ಲಿ ಸೇರಿಹೋಯಿತು. ಅವರ ಸೇವೆ ಸಣ್ಣದಲ್ಲ. ಆದರೆ ಅವರ ಮಾತು ಜನರ ಬಾಯಲ್ಲಿ ಬೆಳೆಯಿತು. ಜೀವನದ ಯಶಸ್ಸಿನಲ್ಲಿ ಬುದ್ಧಿಮಾಪನಾಂಕದ ಪಾಲು ಹೆಚ್ಚೆಂದರೆ ಶೇಕಡ 20 ಎಂದು ಅವರು ಬರೆದುದನ್ನು, ಉಳಿದ 80 ಪೂರ್ತಿ ಭಾವನಾತ್ಮಕ ಬುದ್ಧಿಯದೇ ಎಂದು ಹಲವರು ಓದಿಕೊಂಡರು. ಅದು ತಪ್ಪೆಂದು ಅವರೇ ಮುಂದೆ ಸ್ಪಷ್ಟಪಡಿಸಬೇಕಾಯಿತು. ಗೆಲುವಿನ ಗುಟ್ಟೆಂದು ಈ ವಿದ್ಯೆಯನ್ನು ಮಾರತೊಡಗಿದಂದಿನಿಂದ, ತಾನೂ ಪರರೂ ಏನನ್ನು ಅನುಭವಿಸುತ್ತಿದ್ದೇವೆಂದು ಅರಿಯುವ ಮೂಲ ಆಶಯ ಹಿಂದೆ ಸರಿಯಿತೆಂದೇ ಹೇಳಬೇಕು.

ದುಡಿಮೆಯ ಜಗತ್ತಿನಲ್ಲಿ ಭಾವದ ನಿರ್ವಹಣೆಗೆ ತೆರಬೇಕಾದ ಬೆಲೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು 1983ರಷ್ಟು ಹಿಂದೆಯೇ ತೋರಿಸಿದ್ದರು. ವಿಮಾನದ ಪರಿಚಾರಿಕೆಯರಿಗೆ, ಪ್ರಯಾಣಿಕರನ್ನು ತಮ್ಮ ಮನೆಯ ನಡುಮನೆಗೆ ಬಂದ ಅತಿಥಿಗಳೆಂದು ಬಗೆಯುವಂತೆ ಶಿಕ್ಷಣ ಕೊಡಲಾಗುತ್ತಿತ್ತು. ಹೀಗೆ ನಗುವೇ ಸಂಬಳದ ಕೆಲಸವಾದಾಗ ತಮ್ಮ ನಿಜವಾದ ಭಾವ ಯಾವುದೆಂಬುದೇ ಹಲವರಿಗೆ ಅಸ್ಪಷ್ಟವಾಗುತ್ತಿತ್ತು. ಜೋಸೆಫ್ ಮತ್ತು ನ್ಯೂಮನ್ ಎಂಬವರು 2010ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಇಂಥ ಭಾವಶ್ರಮ ಹೆಚ್ಚಾಗಿರುವ ಉದ್ಯೋಗಗಳಲ್ಲಿ ಭಾವನಾತ್ಮಕ ಬುದ್ಧಿಯು ಕಾರ್ಯಸಿದ್ಧಿಗೆ ನೆರವಾಗುವುದೆಂದೂ, ಉಳಿದವುಗಳಲ್ಲಿ ಹಾಗಲ್ಲವೆಂದೂ ಕಂಡುಬಂದಿತು.

ಈ ವಿಚಾರವು ಹೆಚ್ಚು ಹಿತಕರವಾಗಿ ಬೇರೂರಿರುವುದು ಶಾಲೆಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಮಕ್ಕಳಿಗೆ ಅಗತ್ಯವೆಂದು ಹೇಳಿದ ಹತ್ತು ಜೀವನಕೌಶಲಗಳಲ್ಲಿ ತನ್ನನ್ನು ತಾನರಿಯುವುದು, ಪರರ ನೋವನ್ನರಿಯುವುದು, ಭಾವಗಳನ್ನು ನಿಭಾಯಿಸುವುದು ಇವೂ ಸೇರಿದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇವನ್ನಾಧರಿಸಿ ಹದಿಹರೆಯದ ವಿದ್ಯಾರ್ಥಿಗಳಿಗಾಗಿ ಶಿಕ್ಷಣಕ್ರಮವೊಂದನ್ನು ರೂಪಿಸಿ, ಅದನ್ನು ನಡೆಸುವ ಕೆಲಸವನ್ನು ಶಾಲೆಯ ಉಪಾಧ್ಯಾಯರಿಗೇ ಒಪ್ಪಿಸಿತು.