ಎಳೆಯುವ ಭಾರಕ್ಕೊಂದು ಮಿತಿ

ಎತ್ತಾಗಲಿ, ಕುದುರೆಯಾಗಲಿ, ಯಂತ್ರವಾಗಲಿ, ತನ್ನ ಹಿಂದೆ ಕಟ್ಟಿದ ಭಾರವನ್ನು ಸಮತಟ್ಟಾದ ನೆಲದ ಮೇಲೆ ಒಮ್ಮೆ ಅಲುಗಿಸಿ ಮುಂದಕ್ಕೆ ತಂದಿತೆಂದ ಮಾತ್ರಕ್ಕೆ ಆ ಭಾರವು ಅದಕ್ಕೆ ತಕ್ಕದ್ದೆಂದು ಹೇಳಲಾಗದು. ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾದಾಗ, ಇಳಿಜಾರಿನಲ್ಲಿ ತಡೆದು ನಿಲ್ಲಿಸಬೇಕಾದಾಗ, ಬೇಸಗೆಯ ಬಿಸಿಲಿನಲ್ಲಿ ಬಹು ದೂರ ಎಳೆಯಬೇಕಾದಾಗ ಅದರ ನಿಜವಾದ ಸಾಮರ್ಥ್ಯವು ಪ್ರಕಟವಾಗುತ್ತದೆ. ಗಾಡಿ ಹೂಡುವವರಿಗೆ ಅನುಭವದಿಂದಲೇ ಲಭಿಸಿದ್ದ ಈ ವಿವೇಕವನ್ನು ಮೋಟಾರು ವಾಹನಗಳ ನಿರ್ಮಾಪಕರು ಸರ್ವಸಮ್ಮತವಾದ ಲಿಖಿತ ನಿಯಮವಾಗಿ ಅಂಗೀಕರಿಸಲು ಹೆಚ್ಚುಕಡಮೆ ಒಂದು ಶತಮಾನವೇ ಹಿಡಿಯಿತು.

ನಮ್ಮ ನಾಡಿನಲ್ಲಿ ಎರಡು ಚಕ್ರದ ಗಾಡಿಗೆ ಹೇರು ತುಂಬುವುದನ್ನು ನೋಡಿದವರು ಬಲ್ಲರು: ಮುಂಭಾರ ಮಿತಿಮೀರಿದರೆ ನೊಗವು ಎತ್ತುಗಳ ಹೆಗಲನ್ನು ಅಮುಕುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ, ಆದಕಾರಣ ಮೂಟೆಗಳನ್ನು ಹಿಂದುಮುಂದಾಗಿ ಸರಿಸಿ, ನೊಗದ ಮೇಲೆ ಕೊಂಚವೇ ಭಾರ ಬೀಳುವಂತೆ ಮಾಡಿದ ಮೇಲಷ್ಟೇ ಗಾಡಿ ಹೊರಡುತ್ತದೆ. ಭಾರತ ಸರ್ಕಾರವು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ 1965ರಲ್ಲಿ ರಚಿಸಿದ ನಿಯಮಗಳು ಎಳೆಯುವ ಪ್ರಾಣಿಗಳ ಭಾರಕ್ಕೆ ಅಂಕಿಗಳ ಮೂಲಕವೇ ಎಲ್ಲೆಯನ್ನು ಗೊತ್ತುಮಾಡಿದುವು. ಮಧ್ಯಮ ಗಾತ್ರದ ಎರಡು ಎತ್ತುಗಳಿಗೆ, ಗಾಳಿ ತುಂಬಿದ ಟೈರುಗಳಿದ್ದರೆ 2,100 ಕಿಲೋಗ್ರಾಂ, ಇಲ್ಲದಿದ್ದರೆ 1,400 ಕಿಲೋಗ್ರಾಂ. ಮೂವತ್ತು ಮೀಟರಿಗೆ ಮೂರು ಮೀಟರಿಗಿಂತ ಹೆಚ್ಚಿನ ಏರು ಒಂದು ಕಿಲೋಮೀಟರಿನಷ್ಟಾದರೂ ಇದ್ದಲ್ಲಿ ಅದರರ್ಧ ಮಾತ್ರ. ಉಷ್ಣತೆ 37 ಡಿಗ್ರಿಯನ್ನು ಮೀರುವ ಪ್ರದೇಶದಲ್ಲಿ ನಡುಹಗಲು ಹನ್ನೆರಡರಿಂದ ಮೂರರವರೆಗೆ ಹೂಡಲೇ ಕೂಡದು. ಗಾಲಿ, ಏರು, ತಾಪ ಇವು ಬದಲಾದಂತೆ ಮಿತಿಯೂ ಬದಲಾಗುವುದೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿ ನಿರೂಪಿತವಾಗಿದೆ.

ವಿಹಾರಕ್ಕಾಗಿ ಮನೆಯನ್ನೇ ಎಳೆದುಕೊಂಡು ಹೋಗುವ ಪದ್ಧತಿಯು ಇಂಗ್ಲೆಂಡಿನಲ್ಲಿ ಕುದುರೆಗಳಿಂದಲೇ ಆರಂಭವಾಯಿತು. ನೌಕಾದಳದಲ್ಲಿ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬಾತನು ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ ಕಟ್ಟಿಸಿಕೊಂಡ 'ವಾಂಡರರ್' ಎಂಬ ಬಂಡಿಯಲ್ಲಿ 1885ರಲ್ಲಿ ದಕ್ಷಿಣದ ಬರ್ಕ್‌ಷೈರಿನಿಂದ ಹೊರಟು ಉತ್ತರದ ಸ್ಕಾಟ್ಲೆಂಡಿನ ಇನ್ವರ್ನೆಸ್ ಮುಟ್ಟಿದನು. ಸಾಮಾನು ತುಂಬಿದಾಗ ಸುಮಾರು ಎರಡು ಟನ್ ತೂಗುತ್ತಿದ್ದ ಆ ಬಂಡಿಯನ್ನು ಎಳೆದುವು ಎರಡೇ ಕುದುರೆಗಳು. ಮೊದಲ ಮಹಾಯುದ್ಧವು ಮುಗಿದ ತರುವಾಯ, 1919ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಸಂಸ್ಥೆಯು ಮೋಟಾರು ಕಾರಿನ ಹಿಂದೆ ಕಟ್ಟುವ ಕಾರವಾನುಗಳನ್ನು ಮಾರಾಟಕ್ಕಾಗಿ ತಯಾರಿಸಲಾರಂಭಿಸಿತು. ಅಮೆರಿಕದಲ್ಲಿಯೂ ಟ್ರೈಲರುಗಳ ಬಳಕೆ ಹಬ್ಬಿತು. ಆದರೆ ಕುದುರೆಗೂ ಎಂಜಿನ್ನಿಗೂ ಒಂದು ಭೇದವುಂಟು. ಕುದುರೆ ದಣಿದರೆ ಬೆವರಿ, ಏದುಸಿರು ಬಿಟ್ಟು, ನಿಂತು ತಿಳಿಸುತ್ತದೆ. ಎಂಜಿನ್ನಾದರೋ ಗೇರುಪೆಟ್ಟಿಗೆಯ ಎಣ್ಣೆ ಕುದಿದು ಕೆಡುವವರೆಗೂ, ಬ್ರೇಕುಗಳು ಕಾದು ಹಿಡಿತ ತಪ್ಪುವವರೆಗೂ ಎಳೆಯುತ್ತಲೇ ಇರುತ್ತದೆ. ಇದರಿಂದಾಗಿ, ಪ್ರಾಣಿಯ ಕಾಲದಲ್ಲಿ ಕಣ್ಣಿಗೆ ಕಾಣುತ್ತಿದ್ದ ಮಿತಿಯು ಯಂತ್ರದ ಕಾಲದಲ್ಲಿ ಕೈಪಿಡಿಯೊಳಗಿನ ಒಂದು ಸಂಖ್ಯೆಯಾಗಿ ಮಾರ್ಪಟ್ಟಿತು.

ಆ ಸಂಖ್ಯೆಯನ್ನಾದರೂ ಎಲ್ಲರೂ ಒಂದೇ ಬಗೆಯಲ್ಲಿ ಅಳೆಯುತ್ತಿದ್ದರೆ? ಅಮೆರಿಕದಲ್ಲಿ ಬಹುಕಾಲ ಹಾಗಾಗಲಿಲ್ಲ. ಪ್ರತಿಯೊಬ್ಬ ತಯಾರಕನೂ ತನ್ನದೇ ಪರೀಕ್ಷೆಯನ್ನು ನಡೆಸಿ ತನ್ನದೇ ಅಂಕಿಯನ್ನು ಪ್ರಕಟಿಸುತ್ತಿದ್ದನು. ಈ ಅವ್ಯವಸ್ಥೆಯನ್ನು ನಿವಾರಿಸಲು ಸೊಸೈಟಿ ಆಫ್ ಆಟೋಮೋಟಿವ್ ಎಂಜಿನಿಯರ್ಸ್ ಸಂಸ್ಥೆಯು 2008ರಲ್ಲಿ 'ಜೆ 2807' ಎಂಬ ಮಾನದಂಡವನ್ನು ಹೊರಡಿಸಿತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿ, ಕೊಲೊರಾಡೊ ನದಿಯ ತಗ್ಗಿನಿಂದ ಮರುಭೂಮಿಯ ಬೆಟ್ಟಗಳತ್ತ ಸುಮಾರು 18 ಕಿಲೋಮೀಟರು ಏರಿಹೋಗುವ ಹೆದ್ದಾರಿಯೇ ಈ ಪರೀಕ್ಷೆಯ ಪ್ರಮಾಣವಾಯಿತು: ಹೊರಗೆ ಸುಮಾರು 38 ಡಿಗ್ರಿ ಬಿಸಿಯಿರುವಾಗ, ಒಳಗೆ ತಂಪುಯಂತ್ರ ಪೂರ್ಣವಾಗಿ ನಡೆಯುತ್ತಿರುವಾಗ, ಪೂರ್ತಿ ಭಾರವನ್ನು ಎಳೆದುಕೊಂಡು, ವೇಗವು ಗಂಟೆಗೆ 64 ಕಿಲೋಮೀಟರಿಗಿಂತ ಇಳಿಯದಂತೆ ವಾಹನವು ಮೇಲಕ್ಕೇರಬೇಕು. ಅದಲ್ಲದೆ, ನೂರಕ್ಕೆ ಹನ್ನೆರಡರ ಏರಿನಲ್ಲಿ ನಿಂತು, ಐದು ನಿಮಿಷಗಳಲ್ಲಿ ಐದು ಬಾರಿ ಹೊರಡಬೇಕು. ಟೊಯೊಟಾ ಸಂಸ್ಥೆಯು 2011ರ ಮಾದರಿಗಳಿಂದ ಮೊದಲ್ಗೊಂಡು ಇದನ್ನು ಪಾಲಿಸಿದಾಗ ಅದರ ಕೆಲವು ವಾಹನಗಳ ಘೋಷಿತ ಸಾಮರ್ಥ್ಯವು ಇಳಿಯಿತು. ಉಳಿದ ದೊಡ್ಡ ತಯಾರಕರು ಕೆಲವು ವರ್ಷಗಳ ತರುವಾಯ ಅದೇ ದಾರಿಗೆ ಬಂದರು. ಮಾರಾಟಕ್ಕೆ ಅಡ್ಡಿಯಾದೀತೆಂದು ಅಳುಕದೆ ಕಡಮೆಯ ಅಂಕಿಯನ್ನು ಮೊದಲು ಒಪ್ಪಿಕೊಂಡುದು ಪ್ರಶಂಸಾರ್ಹವಾದ ಕಾರ್ಯವೆಂದೇ ನನ್ನ ಭಾವನೆ.

ಈ ಚರಿತ್ರೆಯ ಪಾಠವು ಹೆಚ್ಚಾಗಿ ಬೇಕಾಗಿರುವುದು ಕಾಂಪ್ಯಾಕ್ಟ್ ಎಸ್‌ಯುವಿಗಳ ಒಡೆಯರಿಗೆ. 1994ರಲ್ಲಿ ಬಂದ ಟೊಯೊಟಾ ರ‍್ಯಾವ್4, ಅದರ ಮರುವರ್ಷ ಬಂದ ಹೋಂಡಾ ಸಿಆರ್-ವಿ ಮುಂತಾದುವು ಹೊರನೋಟಕ್ಕೆ ಜೀಪಿನ ಬಂಧುಗಳಂತೆ ಕಂಡರೂ, ಲಾರಿಯಂತೆ ಬೇರೆಯಾದ ಉಕ್ಕಿನ ಚೌಕಟ್ಟಿನ ಮೇಲೆ ಕುಳಿತವಲ್ಲ. ಕಾರಿನಂತೆ ಒಡಲೇ ಚೌಕಟ್ಟಾಗಿರುವಂಥವು. ಸಿಆರ್-ವಿಗೆ ಅಮೆರಿಕದಲ್ಲಿ ಹೇಳಿರುವ ಮಿತಿ ಹೆಚ್ಚೆಂದರೆ 1,500 ಪೌಂಡು, ಎಂದರೆ ಸುಮಾರು 680 ಕಿಲೋಗ್ರಾಂ. ಇಂಥ ವಾಹನಗಳಿಗೆ ಯೂರೋಪಿನಲ್ಲಿ, ಟ್ರೈಲರಿಗೆ ಸ್ವಂತ ಬ್ರೇಕಿದ್ದರೆ, ಇದಕ್ಕಿಂತ ಬಹಳ ಹೆಚ್ಚಿನ ಅಂಕಿಗಳಿರುವುದನ್ನು ಕಂಡು ಸೋಜಿಗಪಡುವವರು ಅಲ್ಲಿನ ಕಟ್ಟಳೆಗಳನ್ನೂ ಗಮನಿಸಬೇಕು. ಜರ್ಮನಿಯಲ್ಲಿ ಟ್ರೈಲರ್ ಕಟ್ಟಿದ ಕಾರಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರು ಮಾತ್ರ ಅನುಮತಿ. ವೇಗ ಕಡಮೆಯಿರುವ ಕಡೆ ಕೊಂಡಿಯ ಮೇಲಿನ ಮುಂಭಾರವೂ ಕಡಮೆ ಸಾಕು. ಅಮೆರಿಕದ ವೇಗಕ್ಕೆ ಟ್ರೈಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಬೀಳಬೇಕು. ಇಲ್ಲದೆ ಹಿಂಭಾರವಾದರೆ ಟ್ರೈಲರು ಓಲಾಡತೊಡಗಿ ಎಳೆಯುವ ವಾಹನವನ್ನೇ ದಾರಿ ತಪ್ಪಿಸುತ್ತದೆ. ನಮ್ಮ ಗಾಡಿಕಾರನು ಮೂಟೆಗಳನ್ನು ಸರಿಸಿ ಸಾಧಿಸುತ್ತಿದ್ದ ಸಮತೂಕವೇ ಇದು.

ಮತ್ತೊಂದು ಸಂಗತಿಯನ್ನು ಅನೇಕರು ಲಕ್ಷಿಸುವುದಿಲ್ಲ. ಜೆ 2807ರ ಲೆಕ್ಕದಲ್ಲಿ ವಾಹನದೊಳಗೆ ಇರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ಐವರು ಕುಳಿತು ಹಿಂದೆ ಪೆಟ್ಟಿಗೆಗಳನ್ನು ತುಂಬಿದರೆ, ಹೆಚ್ಚಿದ ಅನಿತು ಭಾರವನ್ನು ಎಳೆಯುವ ಮಿತಿಯಿಂದ ಕಳೆಯಬೇಕಾಗುತ್ತದೆ.

ಹೊರದೇಶಗಳಲ್ಲಿ ನೆಲಸಿ, ಮನೆ ಬದಲಿಸುವಾಗಲೋ ಪ್ರವಾಸದಲ್ಲೋ ಬಾಡಿಗೆಯ ಟ್ರೈಲರನ್ನು ತಮ್ಮ ಸಣ್ಣ ವಾಹನಕ್ಕೆ ಕಟ್ಟುವ ಕನ್ನಡಿಗರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ವಾಹನದ ಕೈಪಿಡಿಯಲ್ಲಿ ನಿಮ್ಮ ದೇಶಕ್ಕೆಂದು ಅಚ್ಚಾಗಿರುವ ಅಂಕಿಯನ್ನು ಓದಿರಿ, ತುಂಬಿದ ಟ್ರೈಲರನ್ನು ವಾಹನ ತೂಗುವ ವೇಬ್ರಿಜ್ಜಿನ ಮೇಲೆ ನಿಲ್ಲಿಸಿ ತೂಗಿಸಿರಿ, ಜನರ ಮತ್ತು ಸಾಮಾನಿನ ಹೆಚ್ಚುವರಿ ಭಾರವನ್ನು ಕಳೆಯಿರಿ, ಅಷ್ಟಾದ ಮೇಲೂ ಮಿತಿಗೆ ಹೊಂದದಿದ್ದರೆ ಎರಡು ಸಲ ಹೋಗಿಬನ್ನಿರಿ, ಅಥವಾ ದೊಡ್ಡ ವಾಹನವನ್ನು ಬಾಡಿಗೆಗೆ ಪಡೆಯಿರಿ.