ಬೆಳವಣಿಗೆ ಅಂಶಗಳಿಂದ ಜೀನ್ ಅಭಿವ್ಯಕ್ತಿಯ ನಿಯಂತ್ರಣ

ಬೆಳವಣಿಗೆ ಅಂಶಗಳು ಜೀವಕೋಶಗಳು ಸ್ರವಿಸುವ ಸಂಕೇತ ಪ್ರೋಟೀನುಗಳು. ಸಸ್ತನಿಗಳಲ್ಲಿ ಕೋಶ ವಿಭಜನೆ, ಗಾಯ ಮಾಯುವಿಕೆ ಮತ್ತು ಭ್ರೂಣದ ಬೆಳವಣಿಗೆಗೆ ಬೇಕಾದ ಜೀನುಗಳು ಯಾವಾಗ, ಎಷ್ಟು ಹೊತ್ತು ಸಕ್ರಿಯವಾಗಿರಬೇಕು ಎಂಬುದು ಬಹುಮಟ್ಟಿಗೆ ಇವುಗಳಿಂದ ತೀರ್ಮಾನವಾಗುತ್ತದೆ. ಇವುಗಳ ಶೋಧಕ್ಕಾಗಿ ಸ್ಟಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ 1986ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಸಂಕೇತದ ಹಾದಿ: ಕೋಹೆನ್ ಬೇರ್ಪಡಿಸಿದ ಇಜಿಎಫ್ (ಎಪಿಡರ್ಮಲ್ ಬೆಳವಣಿಗೆ ಅಂಶ) 53 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನು. ಅದು ತಾನೇ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಕೋಶದ ಹೊರಪೊರೆಯಲ್ಲಿರುವ ಇಜಿಎಫ್‌ಆರ್ ಗ್ರಾಹಕಕ್ಕೆ ಅದು ಅಂಟಿದಾಗ ಎರಡು ಗ್ರಾಹಕಗಳು ಜೋಡಿಯಾಗಿ, ಪರಸ್ಪರರ ಟೈರೋಸಿನ್‌ಗಳಿಗೆ ಫಾಸ್ಫೇಟ್ ಸೇರಿಸುತ್ತವೆ. ಆಗ ರಾಸ್ ಪ್ರೋಟೀನು ಚುರುಕಾಗುತ್ತದೆ. ಅದರಿಂದ ರಾಫ್, ಮೆಕ್, ಎರ್ಕ್ ಕೈನೇಸುಗಳು ಒಂದಾದ ಮೇಲೊಂದು ಎಚ್ಚರಗೊಳ್ಳುತ್ತವೆ. ಎರ್ಕ್ ಕೋಶಕೇಂದ್ರವನ್ನು ಹೊಕ್ಕು ಜೀನುಗಳಿಂದ ಆರ್‌ಎನ್‌ಎ ತಯಾರಾಗುವುದನ್ನು ನಿಯಂತ್ರಿಸುವ ಎಲ್ಕ್-1ರಂತಹ ಲಿಪ್ಯಂತರ ಅಂಶಗಳನ್ನು ಸಕ್ರಿಯಗೊಳಿಸುತ್ತದೆ. ಇನ್ನೊಂದು ಬೆಳವಣಿಗೆ ಅಂಶವಾದ ಟಿಜಿಎಫ್-ಬೀಟಾದ ಹಾದಿ ಇದಕ್ಕಿಂತ ನೇರವಾದುದು: ಗ್ರಾಹಕ ಫಾಸ್ಫೇಟ್ ಸೇರಿಸಿದ ಸ್ಮ್ಯಾಡ್ ಪ್ರೋಟೀನುಗಳೇ ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ನಿಯಂತ್ರಿಸುತ್ತವೆ.

ಜೀನುಗಳ ಸರದಿ: ಫಾಸ್, ಜೂನ್ ಮೊದಲಾದ ತಕ್ಷಣದ ಜೀನುಗಳು ಕೆಲವೇ ನಿಮಿಷಗಳಲ್ಲಿ ಸಕ್ರಿಯವಾಗುತ್ತವೆ. ಅಗತ್ಯವಾದ ಪ್ರೋಟೀನುಗಳು ಕೋಶದಲ್ಲಿ ಮೊದಲೇ ಇರುವುದರಿಂದ ಹೊಸದನ್ನು ತಯಾರಿಸುವವರೆಗೆ ಕಾಯಬೇಕಾಗಿಲ್ಲ. ಫಾಸ್ ಮತ್ತು ಜೂನ್ ಪ್ರೋಟೀನುಗಳು ಕೂಡಿ ಎಪಿ-1 ಎಂಬ ಲಿಪ್ಯಂತರ ಅಂಶವಾಗಿ, ಗಂಟೆಗಳ ನಂತರ ಸೈಕ್ಲಿನ್ ಡಿ1ನಂತಹ ಎರಡನೇ ಸರದಿಯ ಜೀನುಗಳ ಸಕ್ರಿಯತೆಗೆ ನೆರವಾಗುತ್ತವೆ. ಹೀಗೆ ಕೋಶ ವಿಭಜನೆಯತ್ತ ಸಾಗುತ್ತದೆ.

ನಿಲುಗಡೆ: ಸಂಕೇತ ಆರುವುದೂ ಹುಟ್ಟುವುದರಷ್ಟೇ ಮುಖ್ಯ. ಫಾಸ್‌ನ ಆರ್‌ಎನ್‌ಎ ಬೇಗ ನಾಶವಾಗುತ್ತದೆ, ಫಾಸ್ಫಟೇಸುಗಳು ಎರ್ಕ್‌ನ ಫಾಸ್ಫೇಟನ್ನು ಕಳಚುತ್ತವೆ, ಗ್ರಾಹಕಗಳನ್ನು ಕೋಶ ಒಳಕ್ಕೆಳೆದು ಜೀರ್ಣಿಸುತ್ತದೆ. ರಾಸ್ ರೂಪಾಂತರದಿಂದಲೋ ಗ್ರಾಹಕಗಳ ಅತಿಯಾದ ಉತ್ಪತ್ತಿಯಿಂದಲೋ ಈ ನಿಲುಗಡೆ ತಪ್ಪಿದರೆ ಕ್ಯಾನ್ಸರ್ ಬೆಳೆಯಬಹುದು.

ಬೆಂಗಳೂರಿನಲ್ಲಿ ಅಧ್ಯಯನ ಮತ್ತು ಔಷಧ: ವೈಟ್‌ಫೀಲ್ಡ್‌ನ ಐಟಿಪಿಎಲ್ ಆವರಣದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರೊಂದಿಗೆ ನೆಟ್‌ಪಾತ್ ಎಂಬ ದತ್ತಸಂಚಯವನ್ನು ರೂಪಿಸಿ 2010ರಲ್ಲಿ ಅದರ ವಿವರ ಪ್ರಕಟಿಸಿತು. ಪ್ರಕಟಿತ ಪ್ರಯೋಗಗಳನ್ನು ತಜ್ಞರು ಓದಿ, ಇಜಿಎಫ್‌ಆರ್, ಟಿಜಿಎಫ್-ಬೀಟಾ ಮೊದಲಾದ ಹಾದಿಗಳಲ್ಲಿ ಯಾವ ಪ್ರೋಟೀನು ಯಾವುದಕ್ಕೆ ಅಂಟುತ್ತದೆ, ಯಾವ ಜೀನಿನ ಅಭಿವ್ಯಕ್ತಿ ಏರುತ್ತದೆ, ಯಾವುದು ಇಳಿಯುತ್ತದೆ ಎಂಬುದನ್ನು ಅದರಲ್ಲಿ ದಾಖಲಿಸಿದ್ದಾರೆ.

ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ಕಂಪನಿ 2006ರಲ್ಲಿ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಾಗಿ ಇಜಿಎಫ್‌ಆರ್ ಅನ್ನು ತಡೆಯುವ ನಿಮೊಟುಜುಮ್ಯಾಬ್ ಪ್ರತಿಕಾಯವನ್ನು ಭಾರತದ ಮಾರುಕಟ್ಟೆಗೆ ತಂದಿತು. ಇದರ ಮೂಲ ಸಂಶೋಧನೆ ಕ್ಯೂಬಾದ್ದು. ಅದೇ ಗ್ರಾಹಕ ಕುಟುಂಬದ ಹರ್-2 ವಿರುದ್ಧ ಟ್ರಾಸ್ಟುಜುಮ್ಯಾಬ್‌ನ ಜೈವಿಕಸಮಾನ ಔಷಧವನ್ನು ಬಯೋಕಾನ್ 2014ರಲ್ಲಿ ತಂದಿತು. ಇದು ಹರ್-2 ಹೆಚ್ಚಾಗಿರುವ ಸ್ತನ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಎರಡೂ ಹೊರಪೊರೆಯಲ್ಲೇ ಸಂಕೇತವನ್ನು ತಗ್ಗಿಸಿ, ವಿಭಜನೆಗೆ ಒತ್ತಾಸೆಯಾಗುವ ಜೀನುಗಳ ಸಕ್ರಿಯತೆಯನ್ನು ಇಳಿಸುತ್ತವೆ.